ಎರಡು ಮುಳ್ಳೂ ಒಟ್ಟಿಗೆ ಏರಿದರೆ ಗೇಜ್ ಬಿಚ್ಚಬೇಡಿ

ಟ್ಯಾಂಕ್ ಅರ್ಧ ಖಾಲಿ, ಪೆಟ್ರೋಲ್ ಮುಳ್ಳು ಮಾತ್ರ ಫುಲ್ ದಾಟಿ ನಿಂತಿದೆ. ಎಂಜಿನ್ ಇನ್ನೂ ಕಾದಿಲ್ಲ, ಟೆಂಪರೇಚರ್ ಮುಳ್ಳೂ ಮೇಲಕ್ಕೆ. ಹಳೆಯ ಬ್ರಿಟಿಷ್ ಕಾರಿನ ಮಾಲೀಕರು ಆಗ ಎರಡೂ ಗೇಜ್ ಬಿಚ್ಚಿ ರಿಪೇರಿಗೆ ತರುತ್ತಾರೆ. ಸ್ವಾಮಿ, ಎರಡು ಗೇಜ್ ಒಂದೇ ದಿನ, ಒಂದೇ ಥರ ಕೆಡುವುದು ಅಪರೂಪ. ಎರಡಕ್ಕೂ ಕರೆಂಟ್ ಕೊಡುವ ಡಬ್ಬಿ ಒಂದೇ. ಅದನ್ನು ಕಾರಲ್ಲೇ ಬಿಟ್ಟು ಬಂದಿರುತ್ತೀರಿ.

ಆ ಡಬ್ಬಿಯೇ ವೋಲ್ಟೇಜ್ ಸ್ಟೆಬಿಲೈಸರ್. 1960ರ ದಶಕದ ಮಧ್ಯದಿಂದೀಚೆಗಿನ ಸ್ಮಿತ್ಸ್ ಕಂಪನಿಯ ಗೇಜ್‌ಗಳು ಬಹುತೇಕ ಬೈಮೆಟಲ್ ಜಾತಿಯವು: ಕಾದರೆ ಬಾಗುವ, ಎರಡು ಲೋಹ ಬೆಸೆದ ಪಟ್ಟಿ ಮುಳ್ಳನ್ನು ತಳ್ಳುತ್ತದೆ. ಮುಳ್ಳು ಆರಾಮಾಗಿ ಏರುತ್ತದೆ. ಇಗ್ನಿಷನ್ ಹಾಕಿದೊಡನೆ ಜಿಗಿದು ಓಲಾಡುವುದು ಅದಕ್ಕೂ ಹಳೆಯ ಮೂವಿಂಗ್ ಐರನ್ ಗೇಜ್. ಅದಕ್ಕೆ ಸ್ಟೆಬಿಲೈಸರ್ ಇಲ್ಲ, ಇಲ್ಲಿನ ಮಾತು ಅದಕ್ಕೆ ಅನ್ವಯಿಸದು.

ಸ್ಟೆಬಿಲೈಸರ್ ಒಳಗೂ ಒಂದು ಬೈಮೆಟಲ್ ಪಟ್ಟಿ, ಅದಕ್ಕೆ ಸುತ್ತಿದ ಹೀಟರ್ ತಂತಿ. ಪಟ್ಟಿ ಕಾದಾಗ ಬಾಗಿ ಕಾಂಟ್ಯಾಕ್ಟ್ ಬಿಡುತ್ತದೆ, ಆರಿದಾಗ ಮತ್ತೆ ಕೂಡುತ್ತದೆ. ಹೀಗೆ ಬ್ಯಾಟರಿಯ 12 ವೋಲ್ಟ್ ಬಿಟ್ಟುಬಿಟ್ಟು ಹರಿದು ಸರಾಸರಿ 10 ವೋಲ್ಟ್‌ನ ಕೆಲಸ ಮಾಡುತ್ತದೆ. ಎಲ್ಲರೂ ಮರೆಯುವುದು ಇಲ್ಲೇ: ಹೀಟರ್ ತಂತಿಯ ಇನ್ನೊಂದು ತುದಿ ಸೇರುವುದು ಡಬ್ಬಿಯ ತಗಡಿಗೆ, ತಗಡಿನಿಂದ ಸ್ಕ್ರೂ ಮೂಲಕ ಕಾರಿನ ಮೈಗೆ, ಅಂದರೆ ಅರ್ತಿಗೆ. ಹೊಸದಾಗಿ ಪೇಂಟ್ ಹೊಡೆಸಿ ಸ್ಕ್ರೂವನ್ನು ಪೇಂಟಿನ ಮೇಲೆಯೇ ಬಿಗಿದಿರೋ, ಅರ್ತ್ ಹೋಯಿತು. ಅರ್ತ್ ಇಲ್ಲದೆ ಹೀಟರ್ ಕಾಯದು, ಪಟ್ಟಿ ಬಾಗದು, ಕಾಂಟ್ಯಾಕ್ಟ್ ಬಿಡುವುದೇ ಇಲ್ಲ. ಎಂಜಿನ್ ಓಡುವಾಗ 14 ವೋಲ್ಟ್ ನೇರ ಗೇಜಿಗೇ ಹೋಗುತ್ತದೆ. ಗೇಜ್ ಬದಲಿಸಿದರೆ ಹೊಸ ಗೇಜೂ ಅದೇ ಸುಳ್ಳು ಹೇಳುತ್ತದೆ.

ಇಗ್ನಿಷನ್ ಹಾಕಿ, ಡಬ್ಬಿಯಿಂದ ಗೇಜ್‌ಗಳಿಗೆ ಕರೆಂಟ್ ಹೊರಡುವ 'ಐ' (I) ಟರ್ಮಿನಲ್ಲಿಗೆ ಮೀಟರ್ ಇಡಿ. ಡಿಜಿಟಲ್ ಮೀಟರ್ 0, 12, 0, 12 ಎಂದು ಕುಣಿದರೆ ಗಾಬರಿ ಬೇಡ, ಡಬ್ಬಿ ಆರೋಗ್ಯವಾಗಿದೆ. ಒಂದೆರಡು ನಿಮಿಷ ಕಳೆದರೂ 12 ಬಿಟ್ಟು ಅಲ್ಲಾಡದಿದ್ದರೆ ತಗಡಿನಿಂದ ಒಳ್ಳೆಯ ಅರ್ತಿಗೆ ಒಂದು ತಂತಿ ಮುಟ್ಟಿಸಿ. ಕುಣಿತ ಶುರುವಾಯಿತೆ? ಸ್ಕ್ರೂ ಕೆಳಗಿನ ಪೇಂಟ್ ಕೆರೆದರೆ ಸಾಕು. ಆಗಲೂ ಅಲ್ಲಾಡದಿದ್ದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಇಲ್ಲವೇ ಹೀಟರ್ ತಂತಿ ತುಂಡಾಗಿದೆ, ಡಬ್ಬಿ ಬದಲಿಸಿ.

ಡಬ್ಬಿಯೊಳಗೆ ಪಟ್ಟಿಯ ಬದಲು ಸ್ಥಿರ 10 ವೋಲ್ಟ್ ಕೊಡುವ 7810 ಐಸಿ ಕೂರಿಸುವುದೂ ಉಂಟು, ತಪ್ಪಿಲ್ಲ. ಆದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಸೇರಿಸಿದ ಪಾಸಿಟಿವ್ ಅರ್ತ್ ಕಾರಿಗೆ ಅದು ಸಲ್ಲದು, ಅದರ ನೆಗೆಟಿವ್ ಜೋಡಿ 7910 ಬೇಕು. ಅದರ ಪಿನ್‌ಗಳ ಕ್ರಮವೇ ಬೇರೆ. ಬೆನ್ನಿನ ಲೋಹ ಇನ್‌ಪುಟ್ ಆದ್ದರಿಂದ ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಇಡದೆ ತಗಡಿಗೆ ಬಿಗಿದರೆ ನೇರ ಶಾರ್ಟ್.

ಒಂದೇ ಮುಳ್ಳು ತಪ್ಪಿದರೆ ಸೆಂಡರ್ ಕಡೆ, ಅಂದರೆ ಟ್ಯಾಂಕಿನಲ್ಲೋ ಎಂಜಿನ್ನಿನಲ್ಲೋ ಕೂತು ಗೇಜಿಗೆ ಅಳತೆ ಕಳಿಸುವ ಭಾಗದ ಕಡೆ ನೋಡಿ. ಸೆಂಡರ್ ವೈರನ್ನು ನೇರ ಅರ್ತಿಗೆ ಹಿಡಿದು ಪರೀಕ್ಷಿಸುವವರಿದ್ದಾರೆ. ಹೆಚ್ಚು ಹೊತ್ತು ಹಿಡಿದರೆ ಗೇಜಿನ ಸುರುಳಿ ಸುಟ್ಟೀತು. ವೈರ್ ಬಿಚ್ಚಿ, ಅದಕ್ಕೂ ಅರ್ತಿಗೂ ನಡುವೆ ರೆಸಿಸ್ಟರ್ ಹಾಕಿ: ಪೆಟ್ರೋಲ್ ಗೇಜಿನಲ್ಲಿ 22 ಓಮ್‌ಗೆ ಸುಮಾರು ಫುಲ್, 68ಕ್ಕೆ ಅರ್ಧ, 240ರ ಆಸುಪಾಸಿಗೆ ಖಾಲಿ. ಮಾಡೆಲ್ಲಿನಿಂದ ಮಾಡೆಲ್ಲಿಗೆ ತುಸು ಹೆಚ್ಚುಕಡಿಮೆ ಇರುತ್ತದೆ. ಟೆಂಪರೇಚರ್ ಸೆಂಡರಿಗೆ ಅರ್ತ್ ಸಿಗುವುದು ಅದರ ಥ್ರೆಡ್ಡಿನಿಂದಲೇ. ಅಲ್ಲಿ ನಲ್ಲಿಗೆ ಸುತ್ತಿದಂತೆ ಟೆಫ್ಲಾನ್ ಟೇಪ್ ಸುತ್ತಿದರೆ ಕುದಿಯುವ ಎಂಜಿನ್ನನ್ನೂ ಮುಳ್ಳು ತಣ್ಣಗೆ ತೋರಿಸಬಹುದು.

ರೆಸಿಸ್ಟರಿಗೂ ಮುಳ್ಳು ತಪ್ಪು ತೋರಿಸಿದರೆ ಆಗ ಗೇಜ್ ಬಿಚ್ಚಿ ತನ್ನಿ. ಸ್ಟೆಬಿಲೈಸರನ್ನೂ ಮರೆಯದೆ.