ಗೇಟು ಆಮೇಲೆ, ನಲ್ಲಿ ಮೊದಲು

2020ರಲ್ಲಿ ಲಾಕ್‌ಡೌನ್ ಸಡಿಲವಾಗುತ್ತಿದ್ದ ದಿನಗಳು. ಒಂದು ಕ್ಯಾಂಪ್‌ಸೈಟ್ ತಪಾಸಣೆಗೆ ಹೋಗಿದ್ದೆ. ಮೂರು ತಿಂಗಳಿಂದ ಬೀಗ ಬಿದ್ದಿದ್ದ ಜಾಗ. ಗೇಟಿನಲ್ಲೇ ಕಾಲಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು. ನೆಲದ ಮೇಲೆ ಅಳತೆ ಹಿಡಿದು ಬರೆದ ಹಳದಿ ವೃತ್ತಗಳು. ಟೆಂಟಿನ ಗೂಟಗಳಿಗೂ ಔಷಧಿ ಹೊಡೆಸಿದ್ದರು. ಉಸ್ತುವಾರಿ ನೋಡಿಕೊಳ್ಳುವವರು ಒಂದೊಂದನ್ನೇ ಹೆಮ್ಮೆಯಿಂದ ತೋರಿಸಿದರು. "ಬಚ್ಚಲುಮನೆ ನೋಡೋಣ್ವಾ?" ಅಂದೆ. ಬಾಗಿಲು ತೆಗೆದ ಕೂಡಲೇ ಮೋರಿ ವಾಸನೆ ಮುಖಕ್ಕೆ ಹೊಡೆಯಿತು. ನಾನು ಬೇಡ ಅನ್ನುವಷ್ಟರಲ್ಲಿ ಅವರು ಶವರ್ ತಿರುಗಿಸಿಬಿಟ್ಟರು. ಮೊದಲು ಬುಸ್ ಅಂತ ಗಾಳಿ, ಆಮೇಲೆ ಕೆಂಪು ನೀರು. "ಎರಡು ನಿಮಿಷ ಬಿಟ್ರೆ ತಿಳಿಯಾಗುತ್ತೆ ಸಾರ್" ಅಂದರು. ಮೊದಲು ಹೊರಗೆ ಬನ್ನಿ ಅಂತ ಕರೆದುಕೊಂಡು ಬಂದೆ.

ತುಕ್ಕು ನೀರು ನೋಡಿ ಹೆದರಿದ್ದಲ್ಲ. ಹೆದರಿಕೆ ಆ ಶವರ್ ಎಬ್ಬಿಸುತ್ತಿದ್ದ ತುಂತುರಿನದ್ದು.

ಪೈಪಿನಲ್ಲಿ ನಿಂತ ನೀರಿಗೆ ಒಂದು ಕೆಟ್ಟ ಗುಣ ಇದೆ. ದಿನಾ ಹರಿಯುತ್ತಿದ್ದರೆ ಅದರಲ್ಲಿರುವ ಕ್ಲೋರಿನ್ ಕೀಟಾಣುಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ನಿಂತರೆ ಕ್ಲೋರಿನ್ ಕಡಿಮೆಯಾಗುತ್ತಾ ಹೋಗುತ್ತದೆ, ಪೈಪಿನ ಒಳಗೋಡೆಗೆ ಲೋಳೆ ಕಟ್ಟುತ್ತದೆ. ಆ ಲೋಳೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಒಳ್ಳೆ ಮನೆ. 20ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿ ಅದಕ್ಕೆ ತುಂಬಾ ಇಷ್ಟ. ಅಂದರೆ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಟ್ಯಾಂಕು, ಆಫ್ ಮಾಡಿಟ್ಟ ಬಾಯ್ಲರು ಎರಡೂ ಸರಿಹೊಂದುತ್ತವೆ. ಈ ನೀರನ್ನು ಕುಡಿದವರಿಗಿಂತ, ಅದರ ಸಣ್ಣ ಹನಿಗಳನ್ನು ಉಸಿರಲ್ಲಿ ಎಳೆದುಕೊಂಡವರಿಗೆ ಅಪಾಯ ಜಾಸ್ತಿ. ಅಂಥ ಹನಿ ಮಾಡುವುದಕ್ಕೆ ಶವರಿಗಿಂತ ಬೇರೆ ಯಂತ್ರ ಬೇಕಾ?

1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಅದಾದ ಮೇಲೆ 200ಕ್ಕೂ ಹೆಚ್ಚು ಜನ ನ್ಯುಮೋನಿಯಾದಿಂದ ಮಲಗಿದರು, 34 ಮಂದಿ ತೀರಿಕೊಂಡರು. ಕಾರಣ ಸಿಕ್ಕಿದ್ದು ಮುಂದಿನ ವರ್ಷ ಜನವರಿಯಲ್ಲಿ. ಬ್ಯಾಕ್ಟೀರಿಯಾದ ಹೆಸರು ಬಂದಿದ್ದೂ ಆ ಸಂಘದಿಂದಲೇ. ಈ ಕಾಯಿಲೆಯಲ್ಲಿ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಾಣಿಸುತ್ತವೆ. ಕೋವಿಡ್ ಕಾಲದಲ್ಲಿ ಹೀಗೆ ಬಂದ ರೋಗಿಯನ್ನು ನೋಡಿ ಯಾರಿಗಾದರೂ ಮೊದಲು ಏನು ಹೊಳೆಯುತ್ತದೆ? ಕೋವಿಡ್ಡೇ. ಬಚ್ಚಲಿನ ಶವರ್ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಹಾಗಾಗಿ ಗೇಟು ತೆಗೆಯುವ ವಾರದ ಮೊದಲೇ ನೀರಿನ ಕೆಲಸ ಶುರುವಾಗಬೇಕು. ಟ್ಯಾಂಕ್ ಖಾಲಿ ಮಾಡಿ ತೊಳೆಸಿ. ತಿಂಗಳುಗಟ್ಟಲೆ ನೀರು ನಿಂತಿದ್ದರೆ ಗೊತ್ತಿರುವವರನ್ನು ಕರೆಸಿ ಪೈಪುಗಳಿಗೂ ಕ್ಲೋರಿನ್ ಕೊಡಿಸಿ. ಆಮೇಲೆ ಟ್ಯಾಂಕಿಗೆ ಹತ್ತಿರದ ನಲ್ಲಿಯಿಂದ ಶುರು ಮಾಡಿ, ತುದಿಯ ನಲ್ಲಿಯವರೆಗೆ ಒಂದೊಂದಾಗಿ ತಣ್ಣೀರು ಹರಿಸಿ. ನಂತರ ಬಾಯ್ಲರ್ 60 ಡಿಗ್ರಿಗೆ ಏರಿಸಿ, ಬಿಸಿನೀರನ್ನೂ ಅದೇ ರೀತಿ ಹರಿಸಿ. ಬಿಸಿನೀರಿನ ನಲ್ಲಿ ತಿರುಗಿಸಿದ ಒಂದು ನಿಮಿಷದೊಳಗೆ 50 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಟ್ಟೇ ನೋಡಿ. "ಕೈಗೆ ಬಿಸಿ ಹತ್ತಿತು" ಅನ್ನುವುದು ಲೆಕ್ಕಕ್ಕಿಲ್ಲ. 40 ಡಿಗ್ರಿಯೂ ಕೈಗೆ ಬಿಸಿಯೇ, ಬ್ಯಾಕ್ಟೀರಿಯಾಕ್ಕೆ ಅದು ಹಬ್ಬ. ಆದರೆ 50-60 ಡಿಗ್ರಿಯ ನೀರು ಮಕ್ಕಳ ಮೈ ಸುಡುತ್ತದೆ. ಆದ್ದರಿಂದ ಸ್ನಾನಕ್ಕೆ ತಣ್ಣೀರು ಬೆರೆಸುವ ವಾಲ್ವ್ ಶವರ್ ಹತ್ತಿರವೇ ಇರಲಿ.

ಶವರ್ ಹರಿಸುವುದಕ್ಕೆ ಒಂದು ಸುಲಭ ಉಪಾಯ ಇದೆ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಶವರ್ ತಲೆಗೆ ಬಿಗಿಯಾಗಿ ಕಟ್ಟಿ, ಕೆಳಗಿನ ಒಂದು ಮೂಲೆ ಕತ್ತರಿಸಿ. ನೀರು ಧಾರೆಯಾಗಿ ಇಳಿಯುತ್ತದೆ, ತುಂತುರು ಹಾರುವುದಿಲ್ಲ. ಕಿಟಕಿ ತೆಗೆದಿಟ್ಟು, ನಲ್ಲಿ ತಿರುಗಿಸಿ ನೀವು ಹೊರಗೆ ನಿಲ್ಲಿ. ಶವರ್ ತಲೆ ಬಿಚ್ಚಿ ನೋಡಿದರೆ ಇನ್ನೂ ಒಳ್ಳೆಯದು. ರಂಧ್ರಗಳಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಕೆರೆದು ತೆಗೆದು, ಸೋಂಕು ನಿವಾರಕದಲ್ಲಿ ನೆನೆಸಿಡಿ. ಬ್ಯಾಕ್ಟೀರಿಯಾ ಅಡಗುವುದು ಆ ಉಪ್ಪಿನಲ್ಲೇ.

ಇನ್ನು ಮೋರಿ ವಾಸನೆಯ ಮಾತು. ಬಚ್ಚಲಿನ ಜಾಲಿ ಕೆಳಗೆ ಬಾಗಿದ ಪೈಪೊಂದು ಇರುತ್ತದೆ, ಟ್ರ್ಯಾಪ್ ಅನ್ನುತ್ತೇವೆ. ಅದರಲ್ಲಿ ನಿಂತ ಸ್ವಲ್ಪ ನೀರೇ ಮೋರಿಯ ಗಾಳಿಗೂ ನಮಗೂ ನಡುವಿನ ಬಾಗಿಲು. ತಿಂಗಳುಗಟ್ಟಲೆ ಯಾರೂ ಸ್ನಾನ ಮಾಡದಿದ್ದರೆ ಆ ನೀರು ಆರಿಹೋಗುತ್ತದೆ. ಇದು ಬರೀ ವಾಸನೆಯ ತೊಂದರೆ ಅಲ್ಲ. 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕ ರೋಗ ಬಂದಾಗ ಹಾಂಗ್‌ಕಾಂಗ್‌ನ ಅಮೊಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ತನಿಖೆ ಮಾಡಿದವರ ಬೆರಳು ಹೋಗಿದ್ದು ಈ ಒಣಗಿದ ಟ್ರ್ಯಾಪ್‌ಗಳ ಕಡೆಗೆ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಅದರ ಸೆಳೆತಕ್ಕೆ ಮೋರಿಯ ಹನಿಗಳು ಜಾಲಿಯ ಮೂಲಕ ಒಳಗೆ ಬಂದಿರಬೇಕು ಅಂದರು ಅವರು. ಒಂದೊಂದು ಜಾಲಿಗೂ ಒಂದು ಬಕೆಟ್ ನೀರು ಸುರಿದರೆ ಮುಗಿಯುವ ಕೆಲಸ. ಆದರೆ ಫ್ಯಾನ್ ಹಾಕುವ ಮೊದಲು ಸುರಿಯಬೇಕು, ಆಮೇಲಲ್ಲ.

ಫ್ಯಾನ್ ಬಂತಲ್ಲ, ಗಾಳಿಯ ವಿಷಯ ಹೇಳಿಬಿಡುತ್ತೇನೆ. ಟೆಂಟು ಹಾಕಿದ ಬಯಲಿನಲ್ಲಿ ಕೋವಿಡ್ ಹರಡುವ ಸಾಧ್ಯತೆ ಕಡಿಮೆ. ಕ್ಯಾಂಪ್‌ಸೈಟಿನಲ್ಲಿ ಅಪಾಯ ಜಾಸ್ತಿ ಇರುವುದು ನಾಲ್ಕು ಗೋಡೆಯ ಒಳಗೆ, ಮಾಸ್ಕ್ ತೆಗೆದು ಹಲ್ಲುಜ್ಜುವ, ಮುಖ ತೊಳೆಯುವ, ಹಾಡು ಗುನುಗುವ ಜಾಗದಲ್ಲಿ. ಬ್ರಿಟನ್ನಿನ ವೇಲ್ಸ್‌ನಲ್ಲಿ 2020ರ ಜುಲೈ 11ಕ್ಕೆ ತೆರೆದದ್ದು ಸ್ವಂತ ಬಚ್ಚಲು, ಅಡುಗೆ ಕಟ್ಟೆ ಇರುವ ವಸತಿಗಳು ಮಾತ್ರ. ಎಲ್ಲರೂ ಒಂದೇ ಬಚ್ಚಲು ಬಳಸುವ ಕ್ಯಾಂಪ್‌ಸೈಟುಗಳು ಜುಲೈ 25ರವರೆಗೆ ಕಾಯಬೇಕಾಯಿತು. ಆ ವಿಂಗಡಣೆ ನನಗೆ ಸರಿ ಅನ್ನಿಸಿತ್ತು.

ಒಬ್ಬರು ಹೋದ ಮೇಲೆ ಐದು ನಿಮಿಷ ಬಿಟ್ಟು ಇನ್ನೊಬ್ಬರು ಹೋಗಲಿ ಅಂತ ಆಗ ಬೋರ್ಡ್ ಹಾಕುತ್ತಿದ್ದರು. ಲೆಕ್ಕ ನೋಡಿ. ಗಂಟೆಗೆ 2 ಸಲ ಗಾಳಿ ಬದಲಾಗುವ ಕೋಣೆಯಲ್ಲಿ ನೂರಕ್ಕೆ 99ರಷ್ಟು ಕಣಗಳು ಹೊರಗೆ ಹೋಗಲು 138 ನಿಮಿಷ ಬೇಕು. 6 ಸಲ ಬದಲಾದರೆ 46 ನಿಮಿಷ, 12 ಸಲ ಬದಲಾದರೆ 23 ನಿಮಿಷ. ಅಂದರೆ ಬರೀ ಕಾಯುವುದರಿಂದ ಕೆಲಸ ಆಗುವುದಿಲ್ಲ, ಗಾಳಿ ಓಡಬೇಕು. ಕಿಟಕಿ ಪೂರ್ತಿ ತೆಗೆಯಿರಿ. ಎಷ್ಟೋ ಕಡೆ ಫ್ಯಾನಿಗೂ ಲೈಟಿಗೂ ಒಂದೇ ಸ್ವಿಚ್ ಇರುತ್ತದೆ. ಹಗಲು ಲೈಟ್ ಬೇಡ ಅಂತ ಆರಿಸಿದರೆ ಫ್ಯಾನೂ ನಿಂತಿತು. ಆ ವೈರ್ ಬೇರೆ ಮಾಡಿಸಿ, ಜನ ಇರುವಷ್ಟು ಹೊತ್ತೂ ಫ್ಯಾನ್ ತಿರುಗಲಿ. ತಿರುಗುತ್ತಿದೆ ಅಂತ ನಂಬಿ ಕೂರಬೇಡಿ. ಒಂದು ಹಾಳೆ ಟಿಶ್ಯೂ ಪೇಪರ್ ಹಿಡಿಯಿರಿ. ಫ್ಯಾನಿನ ಜಾಲರಿಗೆ ಅಂಟಿಕೊಂಡರೆ ಎಳೆಯುತ್ತಿದೆ. ಕೆಳಗೆ ಬಿದ್ದರೆ ಸುಮ್ನೆ ಸದ್ದು ಮಾಡುತ್ತಿದೆ ಅಷ್ಟೆ.

ಎಷ್ಟು ಟೆಂಟು ಹಾಕಿಸಬಹುದು ಅಂತ ಮಾಲೀಕರು ಮೈದಾನ ಅಳೆಯುತ್ತಾರೆ. ನಾನು ಶವರ್ ಎಣಿಸುತ್ತೇನೆ. 40 ಟೆಂಟು, ಟೆಂಟಿಗೆ ಮೂವರು, ಒಟ್ಟು 120 ಜನ ಅಂತಿಟ್ಟುಕೊಳ್ಳಿ. ಶವರ್ ನಾಲ್ಕು. ಸ್ನಾನಕ್ಕೆ 8 ನಿಮಿಷ, ಒರೆಸಿ ಆರಿಸಲು 4 ನಿಮಿಷ ಹಿಡಿದರೆ ಗಂಟೆಗೆ 20 ಜನ. ಎಲ್ಲರಿಗೂ ಬೇಕಾದದ್ದು ಬೆಳಗ್ಗೆ ಏಳರಿಂದ ಒಂಬತ್ತು! ಅಷ್ಟರಲ್ಲಿ 40 ಜನರ ಸ್ನಾನ ಆಗುತ್ತದೆ, ಉಳಿದ 80 ಜನ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ಗುಂಪು ಕಟ್ಟುತ್ತಾರೆ. ಒಂದೊಂದು ಶವರನ್ನು ಹತ್ತತ್ತು ಟೆಂಟಿಗೆ ಗೊತ್ತು ಮಾಡಿ, ಹೊತ್ತು ಹಂಚಿಕೊಡಿ. ಯಾರಿಗಾದರೂ ಜ್ವರ ಬಂದರೆ ಯಾರ್‍ಯಾರು ಅದೇ ಬಚ್ಚಲು ಬಳಸಿದ್ದರು ಅಂತಲೂ ಗೊತ್ತಾಗುತ್ತದೆ. ಒಂದು ಬಿಟ್ಟು ಒಂದು ಶವರಿಗೆ ಟೇಪ್ ಸುತ್ತಿ ಮುಚ್ಚುವುದನ್ನು ನಾನು ಒಪ್ಪುವುದಿಲ್ಲ. ಕ್ಯೂ ಇಮ್ಮಡಿಯಾಗುತ್ತದೆ, ಮುಚ್ಚಿದ ಪೈಪಿನಲ್ಲಿ ಮತ್ತೆ ನೀರು ನಿಲ್ಲುತ್ತದೆ. ಶವರುಗಳ ನಡುವೆ ಸರಿಯಾದ ಗೋಡೆ ಇಲ್ಲದಿದ್ದರೆ ಒಂದು ಮರೆ ಕಟ್ಟಿಸಿ.

ಒರೆಸುವ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಪ್ಲಾಸ್ಟಿಕ್, ಸ್ಟೀಲ್ ಮೇಲೆ ವೈರಸ್ 72 ಗಂಟೆಯವರೆಗೂ ಇರಬಹುದು ಎಂಬ 2020ರ ಮಾರ್ಚ್ ತಿಂಗಳ ಲ್ಯಾಬ್ ಪ್ರಯೋಗ ಎಲ್ಲರನ್ನೂ ಹೆದರಿಸಿತ್ತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದು ಬೇರೆ. ವೈರಸ್ ತಾಗಿದ ವಸ್ತುವನ್ನು ಒಂದು ಸಲ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ. ಗೂಟಕ್ಕೆ ಔಷಧಿ ಹೊಡೆಸಿದ್ದು ಕಣ್ಣೊರೆಸುವ ಕೆಲಸ. ಆದರೆ ಸೋಪು ನೀರು ಕಡ್ಡಾಯ. ವಾಂತಿ ಭೇದಿ ತರುವ ನೊರೊವೈರಸ್ ಇಂಥ ಜಾಗಗಳ ಹಳೇ ಗಿರಾಕಿ, ಅದರ ಮುಂದೆ ಸ್ಯಾನಿಟೈಸರ್ ಆಟ ಅಷ್ಟಾಗಿ ನಡೆಯುವುದಿಲ್ಲ. ಚಿಲಕ, ನಲ್ಲಿ, ಫ್ಲಷ್ ಗುಂಡಿ, ಪಾತ್ರೆ ತೊಳೆಯುವ ಸಿಂಕು, ಇಷ್ಟನ್ನು ದಿನಕ್ಕೆ ಹಲವು ಸಲ ಒರೆಸಿ. ಮೊದಲು ಸೋಪಿನಿಂದ ಕೊಳೆ ತೆಗೆದು, ಆಮೇಲೆ ಬ್ಲೀಚ್. ಡಬ್ಬಿಯ ಮೇಲೆ ಶೇಕಡಾ 5 ಅಂತಿದ್ದರೆ 20 ಮಿಲಿ ಬ್ಲೀಚಿಗೆ 980 ಮಿಲಿ ನೀರು. ದಿನಾ ಹೊಸದಾಗಿ ಕಲಸಿ. ಹಾಕಿದ ತಕ್ಷಣ ಒರೆಸಬೇಡಿ, ಒಂದು ನಿಮಿಷವಾದರೂ ಒದ್ದೆಯಾಗಿರಲಿ.

ಒಂದು ಎಚ್ಚರಿಕೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಎರಡನ್ನೂ ಸುರಿದು, ಕಣ್ಣು ಗಂಟಲು ಉರಿದು ಓಡಿಬಂದ ಕೆಲಸಗಾರರನ್ನು ನೋಡಿದ್ದೇನೆ. ಎರಡು ಡಬ್ಬಿಗಳನ್ನೂ ಒಂದೇ ಕಪಾಟಿನಲ್ಲಿ ಇಡಲೇಬೇಡಿ.

ಕೊನೆಗೆ, ಉಳಿದುಕೊಂಡಿರುವಾಗಲೇ ಯಾರಿಗಾದರೂ ಹುಷಾರು ತಪ್ಪಿದರೆ ಅಂತ ಒಂದು ಶೌಚಾಲಯ, ಒಂದು ಶವರ್ ಬೇರೆಯಾಗಿ ಇಟ್ಟಿರಬೇಕು. ಆ ಕ್ಯಾಂಪ್‌ಸೈಟಿಗೆ ಹತ್ತು ದಿನ ಬಿಟ್ಟು ಮತ್ತೆ ಹೋದಾಗ ಅದನ್ನೂ ಮಾಡಿಟ್ಟಿದ್ದರು. ಬೀಗ, ಕೆಂಪು ಬೋರ್ಡು ಎಲ್ಲಾ ಸರಿ ಇತ್ತು. ಜಾಲಿಗಳಿಗೆ ನೀರು ಬಿದ್ದಿತ್ತು, ವಾಸನೆ ಹೋಗಿತ್ತು. "ಈ ಬೀಗದ ರೂಮಿನ ನೀರು ಯಾವಾಗ ಬಿಟ್ರಿ?" ಅಂತ ಕೇಳಿದೆ. ಅವರು ನನ್ನ ಮುಖ ನೋಡಿ, ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ಮತ್ತು ಕತ್ತರಿ ತಂದರು.