ಹೆಬ್ಬೆಟ್ಟಿನ ಗುಟ್ಟು: ಆಧಾರ್ ಜಗಳ ಎಲ್ಲಿಂದ ಎಲ್ಲಿಗೆ ಬಂತು

ನಮ್ಮಲ್ಲಿ 'ಹೆಬ್ಬೆಟ್ಟು' ಅನ್ನೋದು ಒಂದು ಬೈಗುಳವೇ ಆಗಿತ್ತು. ಸಹಿ ಹಾಕಲು ಬಾರದವರನ್ನು ಹಾಗೆ ಕರೆದು ಆಡಿಕೊಳ್ಳುತ್ತಿದ್ದೆವು. ಈಗ ಪಿಎಚ್.ಡಿ. ಮಾಡಿದವರೂ ಸಿಮ್ ಕೊಳ್ಳುವಾಗ, ಸೈಟು ರಿಜಿಸ್ಟರ್ ಮಾಡಿಸುವಾಗ ಬೆರಳು ಒತ್ತಿ ಬರುತ್ತಾರೆ. ಯಾರೂ ನಗುವುದಿಲ್ಲ.

ಕಚೇರಿ ಕಾಗದಕ್ಕೆ ಹೀಗೆ ಒತ್ತಿಸುವ ಈಗಿನ ಪದ್ಧತಿ ಬೇರು ಬಿಟ್ಟಿದ್ದೂ ನಮ್ಮ ದೇಶದಲ್ಲೇ. 1858ರಲ್ಲಿ ಬಂಗಾಳದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಒಬ್ಬ ಗುತ್ತಿಗೆದಾರನ ಅಂಗೈ ಅಚ್ಚನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟ್ ಆಗಿದ್ದಾಗ ಅದನ್ನೇ ಕಚೇರಿಯ ಪದ್ಧತಿ ಮಾಡಿದ. ಸತ್ತವರ ಹೆಸರಲ್ಲಿ ಬೇರೆಯವರು ಪಿಂಚಣಿ ತಿನ್ನಬಾರದು, ಆಸ್ತಿ ಪತ್ರ ಬರೆದುಕೊಟ್ಟವನು ನಾಳೆ 'ಅದು ನಾನಲ್ಲ' ಎನ್ನಬಾರದು ಎಂಬುದು ಅವನ ಲೆಕ್ಕ. ಪಿಂಚಣಿ, ಆಸ್ತಿ ಪತ್ರ. ಈ ಎರಡನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

'ಆಧಾರ್ ಸೋರಿಕೆ' ಎಂಬ ಸುದ್ದಿ ಬಂದಾಗಲೆಲ್ಲ ಒಬ್ಬರು 'ಎಲ್ಲ ಹೋಯ್ತು' ಅಂತಾರೆ, ಇನ್ನೊಬ್ಬರು 'ಏನೂ ಆಗಿಲ್ಲ, ಸುಮ್ನೆ ಹೆದರಿಸ್ತಾರೆ' ಅಂತಾರೆ. ತಮಾಷೆ ಎಂದರೆ ಇಬ್ಬರೂ ಹೇಳುವುದು ನಿಜ. ಅದು ಹೇಗೆ ಎಂದು ನೋಡಲು ಇಪ್ಪತ್ತೈದು ವರ್ಷ ಹಿಂದೆ ಹೋಗಬೇಕು.

1999ರ ಕಾರ್ಗಿಲ್ ಯುದ್ಧದ ನಂತರ ಗಡಿ ಹಳ್ಳಿಗಳ ಜನರಿಗೆ ಗುರುತಿನ ಚೀಟಿ ಕೊಡಬೇಕು ಎಂಬ ಮಾತು ಬಂತು. 2001ರಲ್ಲಿ ಸಚಿವರ ಗುಂಪು ಅದನ್ನು ದೇಶಕ್ಕೆಲ್ಲ ಹಿಗ್ಗಿಸಿತು. 2003ರಲ್ಲಿ ಪೌರತ್ವ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಅದು ಭದ್ರತೆಯ ದಾರಿ. ಆಮೇಲೆ ಬಂದದ್ದು ಬೇರೆ ದಾರಿ: ಸಬ್ಸಿಡಿ ಸೋರುತ್ತಿದೆ, ಒಂದೇ ಮನೆಗೆ ಮೂರು ರೇಷನ್ ಕಾರ್ಡ್ ಇವೆ, ಅದನ್ನು ತಡೆಯಬೇಕು. 2009ರ ಜನವರಿಯಲ್ಲಿ ಯೋಜನಾ ಆಯೋಗದ ಅಡಿಯಲ್ಲಿ ವಿಶಿಷ್ಟ ಗುರುತಿನ ಪ್ರಾಧಿಕಾರ ಹುಟ್ಟಿತು. ಇನ್ಫೋಸಿಸ್ ಬಿಟ್ಟು ಬಂದ ನಂದನ್ ನಿಲೇಕಣಿ ಅದರ ಅಧ್ಯಕ್ಷರಾದರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಊರಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರು. ನಮ್ಮಲ್ಲಿ ಮೊದಲು ಮೈಸೂರು, ತುಮಕೂರು ಜಿಲ್ಲೆಗಳಲ್ಲಿ ಶಿಬಿರಗಳು ನಡೆದವು. ಹತ್ತು ಬೆರಳು, ಎರಡು ಕಣ್ಣಿನ ಪಾಪೆ, ಒಂದು ಫೋಟೊ. ಅಡಿಕೆ ಸುಲಿದು ಬೆರಳು ಸವೆದ ಹೆಂಗಸರು ಕೈ ಒರೆಸಿ ಒರೆಸಿ ಮತ್ತೆ ಮತ್ತೆ ಒತ್ತಬೇಕಾಗಿತ್ತು.

ಇಷ್ಟೆಲ್ಲ ನಡೆಯುವಾಗ ಇದಕ್ಕೊಂದು ಕಾನೂನೇ ಇರಲಿಲ್ಲ. ಸರ್ಕಾರದ ಒಂದು ಅಧಿಸೂಚನೆ, ಅಷ್ಟೇ. 2010ರ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ಒಂದು ಮಸೂದೆ ಬಂತು. ಯಶವಂತ್ ಸಿನ್ಹಾ ಅವರ ಸ್ಥಾಯಿ ಸಮಿತಿ ಮರುವರ್ಷ ಅದನ್ನು ಒಪ್ಪದೆ ಹಿಂದಕ್ಕೆ ಕಳಿಸಿತು. ಮಸೂದೆ ನಿಂತಿತು, ಬೆರಳು ಒತ್ತಿಸುವ ಕೆಲಸ ನಿಲ್ಲಲಿಲ್ಲ.

ಇಲ್ಲಿಗೆ ಬಂದರು ನಮ್ಮ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟ್‌ನಿಂದ ಎಂದೋ ನಿವೃತ್ತರಾಗಿ ಬೆಂಗಳೂರಲ್ಲಿ ಇದ್ದವರು. 2012ರಲ್ಲಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಅವರ ತಕರಾರು ತಂತ್ರಜ್ಞಾನದ್ದಲ್ಲ. ಸಂಸತ್ತು ಒಪ್ಪದ ಕೆಲಸವನ್ನು ಬರೀ ಆದೇಶದ ಮೇಲೆ ಹೇಗೆ ಮಾಡ್ತೀರಿ ಎಂಬುದು. ಹಳೇ ಕಾಲದ ಜಡ್ಜ್ ಕೇಳುವಂಥದ್ದೇ ಪ್ರಶ್ನೆ.

2013ರ ಸೆಪ್ಟೆಂಬರ್ 23ರಂದು ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು: ಆಧಾರ್ ಇಲ್ಲ ಎಂಬ ಕಾರಣಕ್ಕೆ ಯಾರಿಗೂ ತೊಂದರೆ ಆಗಬಾರದು. ಅದಕ್ಕೆ ಕೆಲವೇ ತಿಂಗಳ ಹಿಂದೆ ತುಮಕೂರು ಸೇರಿ ಕೆಲವು ಜಿಲ್ಲೆಗಳಲ್ಲಿ ಗ್ಯಾಸ್ ಸಬ್ಸಿಡಿಯನ್ನು ಆಧಾರ್ ಮೂಲಕ ಬ್ಯಾಂಕ್ ಖಾತೆಗೆ ಹಾಕಲು ಶುರು ಮಾಡಿದ್ದರು. ಆದೇಶ ದೆಹಲಿಯಲ್ಲಿ, ಗ್ಯಾಸ್ ಏಜೆನ್ಸಿ ಊರಲ್ಲಿ. ಯಾವುದು ನಡೆಯಿತು ಎಂದು ಬೇರೆ ಹೇಳಬೇಕಾಗಿಲ್ಲ ಅಲ್ವಾ.

2015ರಲ್ಲಿ ವಾದ ಬೇರೆ ಕಡೆ ತಿರುಗಿತು. ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರದ ಪರ ವಾದ ಮಂಡಿಸಲಾಯಿತು. ಅದಕ್ಕೆ 1954ರ ಎಂಟು ನ್ಯಾಯಮೂರ್ತಿಗಳ ಮತ್ತು 1962ರ ಆರು ನ್ಯಾಯಮೂರ್ತಿಗಳ ಎರಡು ಹಳೇ ತೀರ್ಪು ಆಸರೆ. ಹಾಗಾಗಿ ಒಂಬತ್ತು ನ್ಯಾಯಮೂರ್ತಿಗಳು ಕೂರಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಂದೇ ಮಾತು ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಇವತ್ತು ದೇಶದ ಯಾವ ಕೋರ್ಟ್‌ನಲ್ಲಿ ಖಾಸಗಿತನದ ಮಾತು ಬಂದರೂ ವಕೀಲರ ಬಾಯಲ್ಲಿ ಮೊದಲು ಬರುವ ಹೆಸರು 'ಪುಟ್ಟಸ್ವಾಮಿ'.

ಅಷ್ಟರಲ್ಲಿ, 2016ರ ಮಾರ್ಚ್‌ನಲ್ಲಿ, ಆಧಾರ್ ಕಾಯ್ದೆ ಬಂದಾಗಿತ್ತು. ಹಣಕಾಸು ಮಸೂದೆಯ ರೂಪದಲ್ಲಿ ತಂದದ್ದರಿಂದ ರಾಜ್ಯಸಭೆಗೆ ಅದನ್ನು ತಡೆಯುವ ಅಧಿಕಾರ ಇರಲಿಲ್ಲ. ಆ ಕಾಯ್ದೆ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬುದರ ಮೇಲೆ ಸುಪ್ರೀಂ ಕೋರ್ಟ್‌ನಲ್ಲಿ 2018ರಲ್ಲಿ 38 ದಿನ ವಾದ ನಡೆಯಿತು. ಆ ಜನವರಿಯಲ್ಲೇ 'ದಿ ಟ್ರಿಬ್ಯೂನ್' ಪತ್ರಿಕೆ, 500 ರೂಪಾಯಿ ಕೊಟ್ಟರೆ ಯಾರ ಆಧಾರ್ ವಿವರ ಬೇಕಾದರೂ ನೋಡಬಹುದು ಎಂದು ವರದಿ ಮಾಡಿತ್ತು. ಬೆರಳಚ್ಚಿನ ಮಾಹಿತಿಗೆ ಏನೂ ಆಗಿಲ್ಲ ಎಂದಿತು ಪ್ರಾಧಿಕಾರ. ಮಾಹಿತಿ ಇರುವ ಕಟ್ಟಡಕ್ಕೆ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆ ಇದೆ ಎಂದು ಕೋರ್ಟ್‌ಗೂ ಹೇಳಲಾಯಿತು. ಗೋಡೆ ನಿಜವೇ ಇರಬೇಕು. ಅದನ್ನು ಹಾರಿ ಯಾರಾದರೂ ಬರುತ್ತಾರೆ ಎಂದು ಹೆದರಿದವರು ಮಾತ್ರ ನನಗೆ ಯಾರೂ ಗೊತ್ತಿಲ್ಲ.

2018ರ ಸೆಪ್ಟೆಂಬರ್ 26ರಂದು ತೀರ್ಪು ಬಂತು, ನಾಲ್ಕಕ್ಕೆ ಒಂದು. ಆಧಾರ್ ಉಳಿಯಿತು. ಸಬ್ಸಿಡಿಗೆ ಬೇಕು, ಪ್ಯಾನ್‌ಗೆ ಬೇಕು. ಬ್ಯಾಂಕ್ ಖಾತೆಗೆ, ಸಿಮ್‌ಗೆ, ಶಾಲೆಗೆ ಕಡ್ಡಾಯ ಅಲ್ಲ. ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಕೊಟ್ಟಿದ್ದ 57ನೇ ಸೆಕ್ಷನ್‌ನ ಆ ಭಾಗ ಬಿದ್ದುಹೋಯಿತು. ನಾವು ಎಲ್ಲೆಲ್ಲಿ ಬೆರಳು ಒತ್ತಿದೆವು ಎಂಬ ದಾಖಲೆಯನ್ನು ಐದು ವರ್ಷ ಇಡುವಂತಿಲ್ಲ, ಆರು ತಿಂಗಳು ಸಾಕು ಎಂದಿತು ಕೋರ್ಟ್. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಚಂದ್ರಚೂಡ್, ಹಣಕಾಸು ಮಸೂದೆ ಮಾಡಿದ್ದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದರು. ಯಾವುದು ಹಣಕಾಸು ಮಸೂದೆ, ಯಾವುದು ಅಲ್ಲ ಎಂಬ ಪ್ರಶ್ನೆಯನ್ನು ಮರುವರ್ಷ ಇನ್ನೂ ದೊಡ್ಡ ಪೀಠಕ್ಕೆ ಕಳಿಸಲಾಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಪ್ರಶ್ನೆಗೆ ಉತ್ತರ ಅವರು ನೋಡಲಿಲ್ಲ.

ಕೋರ್ಟ್ ಮುಚ್ಚಿದ ಬಾಗಿಲು ಆಮೇಲೆ ಸ್ವಲ್ಪ ಸ್ವಲ್ಪ ತೆರೆಯಿತು. 2019ರ ತಿದ್ದುಪಡಿಯಲ್ಲಿ ಬ್ಯಾಂಕ್, ಸಿಮ್‌ಗೆ 'ಜನ ತಾವಾಗಿ ಒಪ್ಪಿದರೆ' ಆಧಾರ್ ಬಳಸಬಹುದು ಎಂದಾಯಿತು. 2025ರ ಜನವರಿಯ ನಿಯಮ ಇನ್ನಷ್ಟು ಖಾಸಗಿ ಸಂಸ್ಥೆಗಳಿಗೂ ಅವಕಾಶ ಕೊಟ್ಟಿತು. 'ತಾವಾಗಿ ಒಪ್ಪುವುದು' ಎಂದರೇನು ಅಂತ ತಿಳಿಯಬೇಕಾದರೆ ಒಮ್ಮೆ ಕೌಂಟರ್ ಮುಂದೆ ನಿಂತು 'ಬೇರೆ ಐಡಿ ನಡೆಯುತ್ತಾ?' ಎಂದು ಕೇಳಿ. ಒಳಗಿನವರಿಗಿಂತ ಮೊದಲು ಹಿಂದೆ ನಿಂತವರೇ ಗೊಣಗುತ್ತಾರೆ.

ಇಲ್ಲಿವರೆಗಿನದು ದೆಹಲಿಯ ಕಥೆ. ಎಲ್ಲರೂ ಬರೆಯುವುದೂ ಅದನ್ನೇ. ನನಗೆ ಜಾಸ್ತಿ ಕಾಡುವುದು ಜೆರಾಕ್ಸ್ ಅಂಗಡಿಯ ಕಥೆ.

2017ರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ, ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ, ಸರ್ಕಾರದ ನಾಲ್ಕು ಜಾಲತಾಣಗಳನ್ನು ನೋಡಿತು. ಸುಮಾರು 13 ಕೋಟಿ ಜನರ ಆಧಾರ್ ಸಂಖ್ಯೆ ಅಲ್ಲಿ ಬಹಿರಂಗವಾಗಿತ್ತು ಎಂಬುದು ಅದರ ಲೆಕ್ಕ. ಪಿಂಚಣಿ ಪಟ್ಟಿ, ಉದ್ಯೋಗ ಖಾತ್ರಿ ಪಟ್ಟಿ, ಹೀಗೆ. ಯಾರೂ ಕದ್ದಿರಲಿಲ್ಲ. ಪಾರದರ್ಶಕ ಇರಲಿ ಎಂದು ಇಲಾಖೆಗಳೇ ಹಾಕಿದ್ದವು. ಅದೇ ವರ್ಷ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸುಮಾರು 210 ಜಾಲತಾಣಗಳಲ್ಲಿ ಇಂಥ ವಿವರ ಇತ್ತು, ತೆಗೆಸಿದ್ದೇವೆ ಎಂದು ಪ್ರಾಧಿಕಾರವೂ ಹೇಳಿತು.

2018ರಲ್ಲಿ 16 ಅಂಕಿಯ 'ವರ್ಚುವಲ್ ಐಡಿ' ಬಂತು. ನಿಜವಾದ ಸಂಖ್ಯೆ ಕೊಡುವ ಬದಲು ಇದನ್ನು ಕೊಡಿ ಎಂದರು. ಉಪಾಯ ಒಳ್ಳೆಯದೇ. ಅದನ್ನು ಕೊಟ್ಟವರನ್ನು ನಾನು ಇನ್ನೂ ನೋಡಬೇಕು.

2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯಿಂದ ಒಂದು ಪ್ರಕಟಣೆ ಬಂತು. ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ದುರ್ಬಳಕೆ ಆಗಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ, ಲೈಸೆನ್ಸ್ ಇಲ್ಲದ ಹೋಟೆಲು, ಸಿನಿಮಾ ಮಂದಿರಗಳು ಜೆರಾಕ್ಸ್ ಇಟ್ಟುಕೊಳ್ಳುವಂತಿಲ್ಲ ಎಂದು. ಇಷ್ಟು ವರ್ಷದಲ್ಲಿ ಬಂದ ಪ್ರಕಟಣೆಗಳಲ್ಲಿ ಜನರಿಗೆ ನೇರವಾಗಿ ಅರ್ಥವಾದದ್ದು ಅದೊಂದೇ ಇರಬೇಕು. ಗಾಬರಿಯಾಯಿತು. ಎರಡೇ ದಿನಕ್ಕೆ, ಜನ ತಪ್ಪು ತಿಳಿಯುವ ಸಾಧ್ಯತೆ ಇದೆ ಎಂದು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅದಾದ ಮೇಲೆ ನಾನು ಉಳಿದ ಒಂದು ಲಾಡ್ಜ್‌ನಲ್ಲಿ ಆಧಾರ್ ಪ್ರತಿಗಳ ಕಟ್ಟು ಟೇಬಲ್ ಮೇಲೇ ಇತ್ತು. ಒಂದು ಪ್ರತಿಯ ಹಿಂಬದಿಯಲ್ಲಿ ಯಾರೋ ತಿಂಡಿ ಲೆಕ್ಕ ಬರೆದಿದ್ದರು.

ಸಂಖ್ಯೆ ಗೊತ್ತಾದರೆ ಏನಾಯಿತು, ಬೆರಳು ನಮ್ಮ ಹತ್ತಿರವೇ ಇದೆಯಲ್ಲ ಎಂಬ ಧೈರ್ಯ ಎಲ್ಲರಿಗೂ ಇತ್ತು. ಅದೂ ಹೋಗಿದ್ದು ಎಇಪಿಎಸ್ ಎಂಬ, ಆಧಾರ್ ಮೂಲಕ ಹಣ ಪಾವತಿಸುವ ವ್ಯವಸ್ಥೆಯಿಂದ. ಎಟಿಎಂ ಕಾರ್ಡ್, ಪಿನ್ ಗೊತ್ತಿಲ್ಲದ ಹಳ್ಳಿಯವರು ಬ್ಯಾಂಕ್ ಮಿತ್ರನ ಹತ್ತಿರ ಹೋಗಿ ಬೆರಳು ಒತ್ತಿ ದುಡ್ಡು ತೆಗೆಯಲಿ ಎಂದು ಮಾಡಿದ್ದು ಅದು. ನಿಜಕ್ಕೂ ಉಪಕಾರ ಆಗಿದೆ. ಅದಕ್ಕೆ ಬೇಕಾದ್ದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಓಟಿಪಿ ಇಲ್ಲ. ಖಾತೆಗೆ ಇದು ಜೋಡಿಯಾಗಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ.

ಹಾಗಾದರೆ ಬೆರಳು ಎಲ್ಲಿ ಸಿಗುತ್ತದೆ? ಹರ್ಷೆಲ್ ಹೇಳಿಕೊಟ್ಟ ಜಾಗದಲ್ಲೇ, ಆಸ್ತಿ ಪತ್ರದಲ್ಲಿ. ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿಸಿದ 32ಎ ಸೆಕ್ಷನ್ ಪ್ರಕಾರ ಆಸ್ತಿ ಪತ್ರಕ್ಕೆ ಫೋಟೊ ಮತ್ತು ಬೆರಳಚ್ಚು ಬೇಕೇ ಬೇಕು. ಅದೇ ಪತ್ರದಲ್ಲಿ ಆಧಾರ್ ಸಂಖ್ಯೆ ಬರೆಯುವ ರೂಢಿ ಆಮೇಲೆ ಬಂತು. ನೋಂದಣಿಯಾದ ಪತ್ರ ಗುಟ್ಟಿನದಲ್ಲ, ಗುಟ್ಟಾಗಿರಲೂಬಾರದು. ಸೈಟು ಕೊಳ್ಳುವವರು ಹಿಂದಿನ ಪತ್ರ ನೋಡಬೇಕಲ್ಲ. ಶುಲ್ಕ ಕಟ್ಟಿದವರಿಗೆ ನಕಲು ಕೊಡಿ ಎನ್ನುತ್ತದೆ ನೋಂದಣಿ ಕಾಯ್ದೆಯ 57ನೇ ಸೆಕ್ಷನ್. ಸುಪ್ರೀಂ ಕೋರ್ಟ್ ಆಧಾರ್ ಕಾಯ್ದೆಯ 57ರಲ್ಲಿ ಮುಚ್ಚಿದ್ದನ್ನು ಈ 57 ಸುಮ್ಮನೆ ತೆರೆದಿಟ್ಟಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯ ಕಪಾಟಿನಲ್ಲಿ ಇದ್ದಷ್ಟು ದಿನ ತೊಂದರೆ ಇರಲಿಲ್ಲ. ಅದು ಆನ್‌ಲೈನ್‌ಗೆ ಬಂತು.

ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2018ರಲ್ಲೇ ತೆಲಂಗಾಣದಲ್ಲಿ ಒಬ್ಬ ಸಿಮ್ ಮಾರಾಟಗಾರ ಆಸ್ತಿ ಪತ್ರಗಳಿಂದ ಬೆರಳಚ್ಚು ಎತ್ತಿ, ರಬ್ಬರ್ ಬೆರಳು ಮಾಡಿ, ಸಾವಿರಾರು ಸಿಮ್ ಚಾಲೂ ಮಾಡಿದ್ದ. 2023ರಲ್ಲಿ ನಮ್ಮ ಸರದಿ. ಬೆಂಗಳೂರು, ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿ ಬಂದವರ ಖಾತೆಯಿಂದ ದುಡ್ಡು ಹೋಗತೊಡಗಿತು. ಒಂದು ಸಲಕ್ಕೆ 10,000 ರೂಪಾಯಿ. ಲಿಂಕ್ ಒತ್ತಿರಲಿಲ್ಲ, ಓಟಿಪಿ ಹೇಳಿರಲಿಲ್ಲ. ಬ್ಯಾಂಕಿಗೆ ಓಡಿದರೆ 'ನಿಮ್ಮದೇ ಬೆರಳು ಬಿದ್ದಿದೆಯಲ್ಲ' ಎಂಬ ಮಾತು. ಬಂಗಾಳದಲ್ಲಿ 'ಅದು ನಾನಲ್ಲ' ಎನ್ನಬಾರದು ಅಂತ ತಂದ ಬೆರಳಚ್ಚು, ಇಲ್ಲಿ ನಿಜವಾಗಿಯೂ ತಾನಲ್ಲದವನ ಬಾಯಿಯನ್ನೂ ಕಟ್ಟಿತು. ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಹಿಡಿದರು. ಪತ್ರಗಳ ನಕಲಿನಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ ಮರೆಮಾಡುವ ಕೆಲಸ ಆಮೇಲೆ ಶುರುವಾಯಿತು. ಅದಕ್ಕೂ ಮುಂಚೆ ಇಳಿಸಿಕೊಂಡ ನಕಲುಗಳು ಯಾರ ಕಂಪ್ಯೂಟರ್‌ನಲ್ಲಿ ಇವೆಯೋ.

'ಎಲ್ಲ ಹೋಯ್ತು' ಮತ್ತು 'ಏನೂ ಆಗಿಲ್ಲ' ಎರಡೂ ನಿಜವಾಗುವುದು ಹೀಗೆ. ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಪ್ರಾಧಿಕಾರದ ಹತ್ತಿರ ಇರುವ ಬೆರಳಚ್ಚನ್ನು ಯಾರಿಗೂ ಕೊಡುವಂತಿಲ್ಲ. ಈ ಕೇಸುಗಳಲ್ಲಿ ಅಲ್ಲಿಂದ ಯಾರೂ ಕದಿಯಲೂ ಇಲ್ಲ. ಆದರೆ ಅದೇ ಬೆರಳು ಹತ್ತು ಬೇರೆ ಕಚೇರಿಗಳಲ್ಲಿ, ಬೇರೆ ಬೇರೆ ಕಾನೂನಿನ ಅಡಿಯಲ್ಲಿ ಕೂತಿದೆ. ಪ್ರತಿ ಕಚೇರಿಯೂ ತನ್ನ ನಿಯಮ ಪಾಲಿಸಿದೆ. ದುಡ್ಡು ಹೋದವರು ಮಾತ್ರ ಯಾವ ಕಿಟಕಿಗೆ ಹೋಗಬೇಕು ಎಂದು ಕೇಳುತ್ತಾ ತಿರುಗುತ್ತಾರೆ.

ತೇಪೆಗಳು ಬಂದಿವೆ. ಒತ್ತಿದ್ದು ಜೀವಂತ ಬೆರಳೋ ರಬ್ಬರೋ ಎಂದು ಪತ್ತೆ ಮಾಡುವ ತಂತ್ರವನ್ನು ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ತಂದಿತು. ಎಇಪಿಎಸ್ ನಡೆಸುವವರ ಮೇಲೆ ಕಣ್ಣಿಡುವ ನಿಯಮವನ್ನು ರಿಸರ್ವ್ ಬ್ಯಾಂಕ್ 2025ರಲ್ಲಿ ಬಿಗಿ ಮಾಡಿತು. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಪಾಸಾಯಿತು. ಅದರ ನಿಯಮಗಳು ಬರಲು ಮತ್ತೆ ಎರಡು ವರ್ಷ ಬೇಕಾಯಿತು.

ಪೊಲೀಸರು ಹೇಳುವ ಉಪಾಯ ಒಂದೇ: ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಮಾಡಬೇಕು, ನಾನೂ ಮಾಡಿದ್ದೇನೆ. ಆದರೆ ಲಾಕ್ ಮಾಡಿದ ಬೆರಳನ್ನು ರೇಷನ್ ಅಂಗಡಿಯ ಯಂತ್ರವೂ ಒಪ್ಪುವುದಿಲ್ಲ. ನಮ್ಮ ಬೀದಿಯ ಅಜ್ಜಿಗೆ ಅವರ ಮೊಮ್ಮಗ ಲಾಕ್ ಮಾಡಿಕೊಟ್ಟಿದ್ದಾನೆ. ತಿಂಗಳಿಗೊಮ್ಮೆ ಅಕ್ಕಿ ತರುವ ದಿನ ಅವನಿಗೆ ಫೋನ್ ಮಾಡುತ್ತಾರೆ. ಅವನು ಬೆಂಗಳೂರಲ್ಲಿ ಕೂತು ಸ್ವಲ್ಪ ಹೊತ್ತು ಲಾಕ್ ತೆಗೆಯುತ್ತಾನೆ. ಅಷ್ಟರೊಳಗೆ ಅಜ್ಜಿಯ ಸರದಿ ಬರಬೇಕು, ಸರ್ವರ್ ಇರಬೇಕು. ಅವನು ಮೀಟಿಂಗ್‌ನಲ್ಲಿದ್ದರೆ ಅಜ್ಜಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬರುತ್ತಾರೆ, ಅಕ್ಕಿ ನಾಳೆಗೆ.