ಓದಲು ಬಾರದ ಕಾಗದವನ್ನು ಎಸೆಯಬೇಡಿ

ನೂರು ವರ್ಷಕ್ಕೂ ಹಿಂದೆ ಅಮೆರಿಕದ ಪಶ್ಚಿಮ ಕರಾವಳಿಗೆ ಬಂದು ನೆಲೆಸಿದ ಜಪಾನಿ ಕುಟುಂಬಗಳ ಹಳೆಯ ಕಾಗದಪತ್ರ ಉಳಿಸುವುದು ನನ್ನ ಕೆಲಸ. ಮನೆಯ ಹಿರಿಯರು ತೀರಿಕೊಂಡ ಮೇಲೆ ಮೊಮ್ಮಕ್ಕಳು, ಮರಿಮಕ್ಕಳು ಪೆಟ್ಟಿಗೆ ಹೊತ್ತು ಬರುತ್ತಾರೆ. ಫೋಟೋ ಇರುತ್ತವೆ, ಇಂಗ್ಲಿಷ್ ಸರ್ಟಿಫಿಕೇಟು ಇರುತ್ತವೆ. ಜಪಾನಿ ಬರಹ ಮಾತ್ರ ಕಡಿಮೆ. ಕೇಳಿದರೆ, 'ಯಾರಿಗೂ ಓದಲು ಬರುವುದಿಲ್ಲ, ಅದಕ್ಕೇ ಹಾಕಿಬಿಟ್ಟೆವು' ಎನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲ ಸಂಕಟವಾಗುತ್ತದೆ.

ಯಾಕೆಂದರೆ ಈ ಜನ ಒಮ್ಮೆ ಕೈಯಾರೆ ತಮ್ಮ ಕಾಗದಗಳನ್ನು ಸುಟ್ಟವರು. 1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ದಾಳಿ ಮಾಡಿತು. ಅಂದೇ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಬಂಧನ ಶುರು ಮಾಡಿತು. ಜಪಾನಿ ಶಾಲೆಯ ಮೇಷ್ಟ್ರು, ಬೌದ್ಧ ಗುರುಗಳು, ಪತ್ರಿಕೆಯವರು, ಸಂಘದ ಮುಖಂಡರನ್ನು ಹಿಡಿದರು. ಮನೆಯಲ್ಲಿ ಜಪಾನಿ ಅಕ್ಷರ ಕಂಡರೆ ಅನುಮಾನ ಬರುತ್ತದೆಂದು ಹೆದರಿ ಜನ ಪತ್ರ, ಪುಸ್ತಕ, ದಿನಚರಿ, ಊರಿನ ಫೋಟೋಗಳನ್ನು ಒಲೆಗೆ ಹಾಕಿದರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್, ಜನರನ್ನು ಹೊರಹಾಕುವ ಅಧಿಕಾರವನ್ನು ಸೈನ್ಯಕ್ಕೆ ಕೊಟ್ಟ 9066ನೇ ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜನ ಕೈಯಲ್ಲಿ ಹಿಡಿಸುವಷ್ಟು ಸಾಮಾನು ಹಿಡಿದು ಮನೆ ಬಿಟ್ಟರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಮ್ಯಾಂಜನಾರ್, ಟೂಲ್ ಲೇಕ್, ಹಾರ್ಟ್ ಮೌಂಟನ್, ಹೀಗೆ ಹತ್ತು ಶಿಬಿರಗಳಲ್ಲಿ ಅವರನ್ನು ಕೂಡಿಹಾಕಿದರು. ಇಷ್ಟೆಲ್ಲ ದಾಟಿ ಒಂದು ಕಾಗದ ಉಳಿದಿದೆ ಅಂದರೆ, ಯಾರೋ ಅದನ್ನು ಬೇಕೆಂದೇ ಉಳಿಸಿಕೊಂಡಿರುತ್ತಾರೆ ಅಲ್ವಾ?

ಓದಲು ಬಾರದ್ದು ಮೊಮ್ಮಕ್ಕಳ ತಪ್ಪಲ್ಲ. ಕುಂಚದಲ್ಲಿ ಕೂಡಿಸಿ ಬರೆದ ಆ ಬರಹ ಇಂದಿನ ಟೋಕಿಯೋ ಹುಡುಗರಿಗೂ ಕಷ್ಟ. 1946ರ ಸುಧಾರಣೆಯ ನಂತರ ಎಷ್ಟೋ ಅಕ್ಷರಗಳ ರೂಪವೇ ಬದಲಾಯಿತು. ಆದರೂ ಓದಬಲ್ಲವರು ಇನ್ನೂ ಇದ್ದಾರೆ. ಅವರ ಕೈಗೆ ಹೋಗುವ ತನಕ ನೀವು ತಾರೀಖನ್ನಾದರೂ ಸರಿಯಾಗಿ ಗುರುತಿಸಿ. ಅಲ್ಲಿರುವುದು ಚಕ್ರವರ್ತಿಗಳ ಕಾಲದ ವರ್ಷ. ಮೇಜಿ ವರ್ಷಕ್ಕೆ 1867, ತೈಶೋಗೆ 1911, ಶೋವಾಗೆ 1925 ಕೂಡಿಸಬೇಕು. ತೈಶೋ 7 ಅಂದರೆ 1918. ಅದನ್ನು 1907 ಎಂದು ಬರೆದಿಟ್ಟರೆ ಇಡೀ ಮನೆತನದ ಕಥೆ ಅಡಿಮೇಲಾಗುತ್ತದೆ.

ಜಾಸ್ತಿ ಕಸದ ಬುಟ್ಟಿ ಸೇರುವುದು ಲಕೋಟೆ ಮತ್ತು ಲೆಕ್ಕದ ಪುಸ್ತಕ. ನನಗೆ ಬೇಕಾದದ್ದು ಅವೇ. ಎಫ್‌ಬಿಐ ಹಿಡಿದ ಗಂಡಸರನ್ನು ಸಾಂಟಾ ಫೆಯಂಥ ಬೇರೆ ಶಿಬಿರಗಳಲ್ಲಿ ಇಟ್ಟಿದ್ದರು. ಹೆಂಡತಿ ಮಕ್ಕಳು ಇನ್ನೊಂದು ಕಡೆ. ಪತ್ರವನ್ನು ಸರ್ಕಾರ ಓದಿಯೇ ಕಳಿಸುತ್ತಿತ್ತು. ಹಾಗಾಗಿ ಬರೆಯುವವರು 'ಚೆನ್ನಾಗಿದ್ದೇನೆ, ಚಳಿ ಇದೆ' ಎಂಬಷ್ಟಕ್ಕೇ ನಿಲ್ಲಿಸುವುದುಂಟು. ಆದರೆ ಲಕೋಟೆಯ ಮೇಲೆ ಎರಡೂ ಶಿಬಿರದ ವಿಳಾಸ, ತಾರೀಖು, ಪರಿಶೀಲನೆಯ ಮುದ್ರೆ ಇರುತ್ತವೆ. ಸಂಸಾರ ಎಲ್ಲಿ ಒಡೆಯಿತು, ಯಾವಾಗ ಮತ್ತೆ ಕೂಡಿತು ಎಂದು ಅದೇ ಹೇಳುತ್ತದೆ.

ಲೆಕ್ಕದ ಪುಸ್ತಕವೂ ಹಾಗೇ. ಕ್ಯಾಲಿಫೋರ್ನಿಯಾದ 1913ರ ಕಾನೂನಿನ ಪ್ರಕಾರ ಜಪಾನಿ ವಲಸಿಗರು ಬೇಸಾಯದ ಜಮೀನು ಕೊಳ್ಳುವಂತಿರಲಿಲ್ಲ. ಅದಕ್ಕೆ ಅಲ್ಲಿ ಹುಟ್ಟಿದ ಪುಟ್ಟ ಮಕ್ಕಳ ಹೆಸರಲ್ಲಿ ಎಷ್ಟೋ ಜನ ಜಮೀನು ಮಾಡಿದರು. ಸರ್ಕಾರಿ ಪತ್ರದಲ್ಲಿ ಮಗುವಿನ ಹೆಸರು. ಬೀಜಕ್ಕೆ ಎಷ್ಟು ಕೊಟ್ಟರು, ಕೂಲಿ ಎಷ್ಟು, ಸಾಲ ಯಾರದು, ಇದೆಲ್ಲ ಅಪ್ಪನ ಕೈಬರಹದ ಲೆಕ್ಕದಲ್ಲೇ.

ಒಂದೇ ಒಂದು ಪ್ರತಿಗೆ ಎಷ್ಟು ಬೆಲೆ ಎಂಬುದಕ್ಕೆ ಐಕೊ ಹರ್ಜಿಗ್ ಯೋಶಿನಾಗಾ ಅವರನ್ನು ನೆನೆಯಬೇಕು. ಹುಡುಗಿಯಾಗಿದ್ದಾಗ ಶಿಬಿರದಲ್ಲಿ ಕಳೆದವರು. 1982ರಲ್ಲಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಹುಡುಕುತ್ತಿದ್ದಾಗ, ಪಶ್ಚಿಮ ಕರಾವಳಿಯಿಂದ ಈ ಜನರನ್ನು ಹೊರಹಾಕಿಸಿದ ಸೇನಾಧಿಕಾರಿ ಜನರಲ್ ಡೆವಿಟ್ ಅದನ್ನು ಸಮರ್ಥಿಸಿ ಬರೆದ ವರದಿಯ, ತಿದ್ದುವ ಮೊದಲಿನ ಮೂಲ ಪ್ರತಿ ಅವರಿಗೆ ಸಿಕ್ಕಿತು. ಉಳಿದ ಪ್ರತಿಗಳನ್ನು ಸೈನ್ಯ ಸುಟ್ಟಿತ್ತು. ಮನೆ ಬಿಡುವ ಆದೇಶ ಪಾಲಿಸದೆ ಶಿಕ್ಷೆಗೊಳಗಾಗಿದ್ದ ಫ್ರೆಡ್ ಕೊರೆಮಾತ್ಸು ಮೇಲಿನ ಆ ತೀರ್ಪು ಮರುವರ್ಷ ರದ್ದಾಗಲು ಆ ಪ್ರತಿಯೂ ನೆರವಾಯಿತು. 1988ರ ಕಾನೂನು, ಶಿಬಿರಗಳಲ್ಲಿದ್ದವರಲ್ಲಿ ಆಗ ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ ಕೊಟ್ಟಿತು.

ಈಗ ಕೈಕೆಲಸ. ಪೆಟ್ಟಿಗೆಯಲ್ಲಿ ಯಾವ ಕ್ರಮದಲ್ಲಿತ್ತೋ ಅದನ್ನು ಮೊದಲು ಫೋಟೋ ತೆಗೆದುಕೊಳ್ಳಿ. ಸುಮ್ನೆ ವಿಂಗಡಿಸಲು ಹೋಗಬೇಡಿ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪುಗಳನ್ನು ನಿಧಾನವಾಗಿ ತೆಗೆಯಿರಿ. ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಜಪಾನಿನ ಕೈಕಾಗದ ಉದ್ದ ನಾರಿನದು, ಗಟ್ಟಿ. ಜಗತ್ತಿನ ಎಷ್ಟೋ ಕಡೆ ಹರಿದ ಹಾಳೆ ಸರಿಮಾಡಲು ನಾವು ಬಳಸುವುದೇ ಅದನ್ನು, ಗೋಧಿ ಪಿಷ್ಟದ ಅಂಟಿನ ಜೊತೆ. ಬೇಗ ಪುಡಿಯಾಗುವುದು ನ್ಯೂಸ್‌ಪ್ರಿಂಟ್. ಅದರ ಆಮ್ಲ ಪಕ್ಕದ ಹಾಳೆಗೂ ಹತ್ತುತ್ತದೆ. ಹಾಗಾಗಿ ಪತ್ರಿಕೆಯ ತುಣುಕುಗಳನ್ನು ಬೇರೆಯಾಗಿ, ಆಮ್ಲವಿಲ್ಲದ ಫೋಲ್ಡರಿನಲ್ಲಿ ಇಡಿ. ಅಟ್ಟ, ಗ್ಯಾರೇಜು, ನೆಲಮಾಳಿಗೆ ಬೇಡ. ಮನೆಯೊಳಗಿನ ತಣ್ಣನೆಯ ಒಣ ಬೀರು ಸಾಕು. ಫೋಟೋದ ಹಿಂದೆ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ.

ಕೈಬಿಡಲು ಮನಸ್ಸಿಲ್ಲ ಅನ್ನುವವರಿಗೆ ನಾನು ಒತ್ತಾಯ ಮಾಡುವುದಿಲ್ಲ. ಸಿಯಾಟಲ್‌ನ ಡೆನ್ಶೋ ಸಂಸ್ಥೆ ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಮನೆಯವರಿಗೇ ಹಿಂತಿರುಗಿಸುತ್ತದೆ. ಮೂಲವನ್ನೇ ಕೊಡುವುದಾದರೆ ಲಾಸ್ ಏಂಜಲೀಸ್‌ನ ಜಪಾನಿ ಅಮೆರಿಕನ್ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೋ ವಿಶ್ವವಿದ್ಯಾಲಯದ ಗ್ರಂಥಾಲಯವನ್ನೋ ಕೇಳಿ. ಯಾರು ನೋಡಬಹುದು, ಯಾವ ಪತ್ರ ಮುಚ್ಚಿಡಬೇಕು ಎಂದು ಬರಹದಲ್ಲೇ ತೀರ್ಮಾನ ಮಾಡಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಪೆಟ್ಟಿಗೆಯಲ್ಲಿ ಇರುವುದು ಊರಿಂದ ಬಂದ ಪತ್ರಗಳು. ಅಜ್ಜ ಇಲ್ಲಿಂದ ಬರೆದ ಪತ್ರಗಳು ಹಿರೋಶಿಮಾ, ವಾಕಾಯಾಮಾ, ಕುಮಾಮೊಟೊ ಕಡೆಯ ಯಾವುದೋ ಹಳ್ಳಿಯಲ್ಲಿ ಇರಬಹುದು. ಅಂಥ ಹಳ್ಳಿಗಳಲ್ಲಿ ಈಗ ಮನೆಗಳು ಖಾಲಿಯಾಗುತ್ತಿವೆ, ಕೆಡವಲಾಗುತ್ತಿದೆ. ವಿಳಾಸ ಲಕೋಟೆಯ ಹಿಂದೆ ಇದೆ. ಓದಿಸಿ, ನೆಂಟರಿಗೆ ಈ ತಿಂಗಳೇ ಒಂದು ಕಾಗದ ಬರೆಯಿರಿ.